ಅಂಗಡಿಯ ಯೋಗ ಮತ್ತು ಕ್ಷೇಮ

ಇಲ್ಲದ್ದನ್ನು ಗಳಿಸುವುದು ಯೋಗ. ಗಳಿಸಿದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಕಾಗದದ ಮೊದಲ ಸಾಲಿನಲ್ಲಿ ನಾವು ಬರೆಯುವ ‘ಯೋಗಕ್ಷೇಮ’ದ ಅರ್ಥ ಇದೇ. ಹೆಸರಾಂತ ಕಂಪೆನಿಯ ನಾಮಫಲಕ ಹಾಕಿಕೊಂಡು ಬಟ್ಟೆಯ, ಪಾದರಕ್ಷೆಯ ಅಥವಾ ಔಷಧದ ಅಂಗಡಿ ತೆರೆಯುವ ಏರ್ಪಾಟಿಗೆ ಫ್ರಾಂಚೈಸಿ ಎಂದು ಹೆಸರು. ನಿವೃತ್ತಿಯ ಹಣವನ್ನೋ ಮನೆಯ ಒಡವೆಯನ್ನೋ ಇದಕ್ಕೆ ತೊಡಗಿಸುವ ಸಂಸಾರಗಳು ಅನೇಕ. ಅಂಥವರು ಲಾಭದ ಲೆಕ್ಕದೊಡನೆ ವಿಮೆಯ ಲೆಕ್ಕವನ್ನೂ ತಿಳಿದಿರಬೇಕು.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. 1872ರ ಕರಾರು ಅಧಿನಿಯಮದ ಮೇರೆಗೆ ಉಭಯರೂ ರುಜು ಹಾಕಿದ ಪತ್ರವೇ ಪ್ರಮಾಣ. ಯಾವ ವಿಮೆ, ಎಷ್ಟು ಮೊತ್ತಕ್ಕೆ, ಯಾರ ಹೆಸರಿನಲ್ಲಿ ಎಂಬುದನ್ನು ಅದರಲ್ಲಿಯೇ ನೋಡಬೇಕು. ಸರಕು ಯಾರದೆಂಬುದು ಮೊದಲ ಪ್ರಶ್ನೆ. ಹಣ ತೆತ್ತು ಕೊಂಡದ್ದಾದರೆ ನಿಮ್ಮದು. ಮಾರಿಕೊಡಲೆಂದು ಕಂಪೆನಿ ಇರಿಸಿದ್ದಾದರೆ ಕಂಪೆನಿಯದು. ಆದರೆ ಕಂಪೆನಿಯ ಸರಕಿಗೂ ನೀವೇ ಹೊಣೆಯೆಂಬ ಷರತ್ತು ಇರಬಹುದು. ಹಾಗಿದ್ದಲ್ಲಿ ಅದನ್ನು ವಿಮಾ ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿರಿ.

ಒಂದು ಸ್ಥಳದಲ್ಲಿರುವ ಆಸ್ತಿ 5 ಕೋಟಿ ರೂಪಾಯಿ ಮೀರದ ಅಂಗಡಿಗಳಿಗೆ 2021ರ ಏಪ್ರಿಲ್ 1ರಿಂದ ‘ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ವಿಮಾ ಪತ್ರ ಬಂದಿದೆ. ಬೆಂಕಿ, ನೆರೆ, ಬಿರುಗಾಳಿ, ಭೂಕಂಪ, ದೊಂಬಿಗಳ ನಷ್ಟಕ್ಕೆ ಇದರಲ್ಲಿ ಪರಿಹಾರವುಂಟು. ಬೀಗ ಮುರಿದು ಮಾಡಿದ ಕಳವಿಗೆ ಬೇರೆ ವಿಮೆ ಬೇಕು.

ಹಲವರು ಎಡವುವುದು ಮೊತ್ತದ ವಿಷಯದಲ್ಲಿ. ಅಂಗಡಿಯಲ್ಲಿ 20 ಲಕ್ಷ ರೂಪಾಯಿಯ ಸರಕಿದೆ. ಕಂತು ಕಡಿಮೆಯಾಗಲೆಂದು 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದೀರಿ ಎನ್ನೋಣ. ಬೆಂಕಿಯಿಂದ 4 ಲಕ್ಷದ ಸರಕು ಹಾಳಾಯಿತು. ನಷ್ಟ 10 ಲಕ್ಷದೊಳಗೇ ಇದೆಯಲ್ಲ, ಪೂರ್ತಿ ಬಂದೀತು ಎಂದು ನೀವು ಎಣಿಸುವಿರಿ. ಕೈಗೆ ಬರುವುದು 2 ಲಕ್ಷ! ಅರ್ಧ ಬೆಲೆಗೆ ವಿಮೆ ಮಾಡಿಸಿದವನು ಉಳಿದರ್ಧಕ್ಕೆ ತಾನೇ ವಿಮೆಗಾರನೆಂಬುದು ಅಲ್ಲಿಯ ನ್ಯಾಯ. ಶೇಕಡ 15ರವರೆಗಿನ ಕೊರತೆಯನ್ನು ಮೇಲೆ ಹೇಳಿದ ಪತ್ರ ಮನ್ನಿಸುತ್ತದೆ. ಅದಕ್ಕೂ ಮೀರಿದರೆ ಈ ಲೆಕ್ಕವೇ. ಆದಕಾರಣ ದೀಪಾವಳಿಗೆ ದಾಸ್ತಾನು ಏರಿದಾಗ ವಿಮಾ ಮೊತ್ತವನ್ನೂ ಏರಿಸಬೇಕು.

ಇನ್ನು ಮಂದಿಯ ಮಾತು. ಒದ್ದೆ ನೆಲದಲ್ಲಿ ಜಾರಿ ಗಿರಾಕಿಯ ಕೈ ಮುರಿದರೆ ಪರಿಹಾರದ ಬೇಡಿಕೆ ನಿಮ್ಮ ಮೇಲೆ ಬರಬಹುದು. ಅದಕ್ಕೆಂದೇ ಹೊಣೆಗಾರಿಕೆಯ ವಿಮೆ ಇದೆ. ಕೆಲಸದ ಹುಡುಗನಿಗೆ ಕೆಲಸದಲ್ಲಿ ಪೆಟ್ಟಾದರೂ ಪರಿಹಾರದ ಭಾರವಿದೆ. ಸರಕು ಒಯ್ಯುವ ವಾಹನವಿದ್ದರೆ ಮೂರನೆಯವರಿಗಾಗುವ ಹಾನಿಯ ವಿಮೆಯನ್ನು ಕಾನೂನೇ ಕಡ್ಡಾಯ ಮಾಡಿದೆ.

ರುಜು ಹಾಕುವ ಮುನ್ನ ಕರಾರು ಪತ್ರವನ್ನೂ ವಿಮಾ ಪತ್ರವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿರಿ. ಮೊದಲನೆಯದು ಹೊರಿಸಿದ ಪ್ರತಿಯೊಂದು ಹೊಣೆಗೂ ಎರಡನೆಯದರಲ್ಲಿ ಉತ್ತರವಿರಬೇಕು. ಫಲಕದ ಮೇಲಿನ ಹೆಸರು ಕಂಪೆನಿಯದು. ಸುಟ್ಟುಹೋಗುವ ಹಣ ನಿಮ್ಮದು.