ವಿಳಾಸದ ಬಾಲದಲ್ಲಿ ಏನಿದೆ?

ಹುಲಗೂರಿಗೆ ಕಾಗದ ಬರೆಯುವವರು ಹಿಂದೆ 'ಸಾ. ಹುಲಗೂರು, ತಾ. ಶಿಗ್ಗಾಂವಿ' ಎಂದು ಬರೆದು ಕೊನೆಗೆ 'ಜಿ. ಧಾರವಾಡ' ಎಂದು ಸೇರಿಸುತ್ತಿದ್ದರು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಊರು ಇದ್ದಲ್ಲೇ ಇತ್ತು, ದರ್ಗಾ ಇದ್ದಲ್ಲೇ ಇತ್ತು; ಬದಲಾದದ್ದು ವಿಳಾಸದ ಬಾಲ ಮಾತ್ರ. ಹಳೆಯ ಬಾಲ ಹಚ್ಚಿದ ಕಾಗದವನ್ನೂ ಅಂಚೆಯವರು ಊಹಿಸಿ ಮುಟ್ಟಿಸಿಯಾರು. ಅಂತರ್ಜಾಲದಲ್ಲಿ ಊಹಿಸುವ ಅಂಚೆಯಣ್ಣ ಯಾರೂ ಇಲ್ಲ.

ಅಲ್ಲಿಯೂ ವಿಳಾಸಕ್ಕೆ ಬಾಲವುಂಟು: ಡಾಟ್ ಕಾಂ, ಡಾಟ್ ಇನ್ ಮುಂತಾಗಿ. ಗಣಕಯಂತ್ರ ವಿಳಾಸವನ್ನು ಬಲಗಡೆಯಿಂದ ಓದುತ್ತದೆ. ಮೊದಲು ಬಾಲ ಯಾರ ಸುಪರ್ದಿನಲ್ಲಿದೆ ಎಂದು ಕೇಳಿ, ಅವರಲ್ಲಿಗೆ ಹೋಗಿ ಹೆಸರನ್ನು ವಿಚಾರಿಸುತ್ತದೆ. ಬಾಲವೇ ಇಲ್ಲವಾದರೆ ಹೆಸರೂ ಇಲ್ಲ. ಯುಗೊಸ್ಲಾವಿಯಾ ಒಡೆದುಹೋದ ಮೇಲೆ ಅದರ 'ಡಾಟ್ ವೈಯು' ಬಾಲವನ್ನು 2010ರಲ್ಲಿ ಕಿತ್ತುಹಾಕಿದರು. ಹೊಸ ಬಾಲಕ್ಕೆ ಹೋಗದೆ ಉಳಿದ ತಾಣಗಳು ಅಷ್ಟಕ್ಕೇ ಮುಗಿದವು.

ಗಣಕ ಆಟಗಳ ತಾಣ ನಡೆಸುವವರು ಇದನ್ನು ಲೆಕ್ಕಿಸುವುದು ಕಡಿಮೆ. ಅವರಿಗೆ ಚಂದದ ಬಾಲ ಬೇಕು. 'ಡಾಟ್ ಜಿಜಿ' ವಾಸ್ತವದಲ್ಲಿ ಗರ್ನ್ಸಿ ಎಂಬ ಪುಟ್ಟ ದ್ವೀಪದ್ದು. ಆಟಗಾರರು ಅದನ್ನು 'ಗುಡ್ ಗೇಮ್' ಎಂದು ಓದಿಕೊಳ್ಳುತ್ತಾರೆ. 'ಡಾಟ್ ಟಿವಿ' ಟುವಾಲು ದೇಶದ್ದು. 'ಡಾಟ್ ಐಓ' ಹಿಂದೂ ಮಹಾಸಾಗರದ ಬ್ರಿಟಿಷ್ ಪ್ರದೇಶದ್ದು. ಆ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಒಪ್ಪಂದಕ್ಕೆ ಬ್ರಿಟನ್ 2025ರಲ್ಲಿ ಸಹಿ ಹಾಕಿದಾಗ ಬಾಲದ ಗತಿಯೇನು ಎಂಬ ಪ್ರಶ್ನೆ ಎದ್ದಿತು.

ಸ್ಪ್ಯಾನಿಷ್ ಭಾಷೆಯವರಿಗೆ ತೊಡಕು ಬೇರೆ. ಸ್ಪೇನ್ ದೇಶದ 'ಡಾಟ್ ಇಎಸ್' ಹಿಡಿದರೆ ಮೆಕ್ಸಿಕೋದ ಹುಡುಗ ಇದು ತನ್ನದಲ್ಲ ಎಂದುಕೊಳ್ಳಬಹುದು. ಮೇಲಾಗಿ ಅವರ 'ಎನ್' ಅಕ್ಷರದ ತಲೆಯ ಮೇಲೊಂದು ಬಳುಕುಗೆರೆ ಬರುತ್ತದೆ. ಗೆರೆ ಇದ್ದರೆ 'ಅನ್ಯೊ', ಅಂದರೆ ವರ್ಷ. ಗೆರೆ ಕಳಚಿದರೆ ನಾಲ್ಕು ಜನರ ಮುಂದೆ ಆಡಬಾರದ ಅವಯವದ ಹೆಸರು!

ನಗುವ ಮೊದಲು ನಮ್ಮದನ್ನು ನೋಡಿಕೊಳ್ಳಬೇಕು. ರೋಮನ್ ಲಿಪಿಯಲ್ಲಿ ಹಳ್ಳಿಗೂ ಹಲ್ಲಿಗೂ ವ್ಯತ್ಯಾಸವೇ ಇಲ್ಲ. ಹುಲಗೂರಿನ ಹುಡುಗನೊಬ್ಬ ಚೌಕಾಬಾರ ಆಟಕ್ಕೆ ತಾಣ ತೆರೆಯುತ್ತಾನೆಂದು ಇಟ್ಟುಕೊಳ್ಳಿ. ಊರ ಹೆಸರನ್ನು ಒಬ್ಬರು 'ಹುಲ್ಗುರ್' ಎಂದು ಟೈಪು ಮಾಡಿದರೆ ಇನ್ನೊಬ್ಬರು 'ಹುಲಗೂರು' ಎಂದು ಮಾಡುತ್ತಾರೆ. ಒಂದಕ್ಷರ ತಪ್ಪಿದರೂ ತಾಣ ಸಿಗದು. ಕನ್ನಡದಲ್ಲೇ ಬರೆದರೆ ಈ ಗೊಂದಲವಿಲ್ಲ.

ಕನ್ನಡದ ಬಾಲ ಬಂದದ್ದಾದರೂ ತಡವಾಗಿ. 2011ರ ಹೊತ್ತಿಗೆ ಭಾರತದ ಹೆಸರನ್ನು ಬಾಲವಾಗಿ ಪಡೆದ ಏಳು ಭಾಷೆಗಳಲ್ಲಿ ಹಿಂದಿ, ಉರ್ದು, ತಮಿಳು, ತೆಲುಗು, ಬಂಗಾಳಿ, ಗುಜರಾತಿ, ಪಂಜಾಬಿ ಇದ್ದವು, ಕನ್ನಡ ಇರಲಿಲ್ಲ. ನಮ್ಮ 'ಡಾಟ್ ಭಾರತ' ಎರಡನೆಯ ಕಂತಿನಲ್ಲಿ ಬಂತು. ಸ್ಪೇನ್ ದೇಶದ ಕ್ಯಾಟಲಾನ್ ಭಾಷಿಕರು ತಮ್ಮ ಭಾಷೆಗೂ ಸಂಸ್ಕೃತಿಗೂ ಎಂದು 'ಡಾಟ್ ಕ್ಯಾಟ್' ಬಾಲಕ್ಕೆ 2005ರಲ್ಲೇ ಒಪ್ಪಿಗೆ ಪಡೆದಿದ್ದರು. ಕನ್ನಡಕ್ಕೆ ದೊರೆತಿರುವುದು ದೇಶದ ಹೆಸರು, ಭಾಷೆಯ ಹೆಸರಲ್ಲ.

ಒಳಗೊಳಗೆ ಗಣಕಕ್ಕೆ ಕನ್ನಡ ಇಂದಿಗೂ ನೇರವಾಗಿ ತಿಳಿಯದು. 'ಭಾರತ' ಎಂಬ ಮೂರಕ್ಷರವನ್ನು ಅದು ಎಕ್ಸ್, ಎನ್, ಎರಡು ಅಡ್ಡಗೆರೆ, ಮುಂದೆ ಅರ್ಥವಿಲ್ಲದ ಅಕ್ಷರ, ಅಂಕೆಗಳ ಸಾಲಾಗಿ ಮಾಡಿಕೊಳ್ಳುತ್ತದೆ. ಕನ್ನಡ, ತೆಲುಗಿನ ರ, ಠ ಮುಂತಾದವು ಕಣ್ಣಿಗೆ ಒಂದೇ. ಗಣಕಕ್ಕೆ ಬೇರೆ ಬೇರೆ. ಮೋಸಗಾರರಿಗೆ ಇದು ತೆರೆದ ಬಾಗಿಲು. ಆದ್ದರಿಂದಲೇ ಇಂಥ ಜೋಡಿಗಳಿಗೆ ಪ್ರತ್ಯೇಕ ನಿಯಮ ಮಾಡಿದ್ದಾರೆ. ಕನ್ನಡ ವಿಳಾಸವನ್ನು ತಪ್ಪೆಂದು ತಿರಸ್ಕರಿಸುವ ಅರ್ಜಿ ನಮೂನೆಗಳೂ ಜಾಲದಲ್ಲಿವೆ. ಹೀಗಾಗಿ ಹುಲಗೂರಿನ ಹುಡುಗ ಸದ್ಯಕ್ಕೆ ಎರಡು ವಿಳಾಸ ಕೊಳ್ಳಬೇಕು: ಅರ್ಜಿಗಳಲ್ಲಿ ತುಂಬಲು 'ಡಾಟ್ ಇನ್', ಊರವರಿಗೆ ಹೇಳಲು 'ಡಾಟ್ ಭಾರತ'. ಎರಡಕ್ಕೂ ವರ್ಷಾವರ್ಷ ಶುಲ್ಕ ಕಟ್ಟುವುದು ತಪ್ಪಿದ್ದಲ್ಲ.