ಹಾಜರಿ ಪುಸ್ತಕದಲ್ಲಿ ನಟನ ಹೆಸರು

ಸಂಜೆ ಬ್ಯಾಂಕು, ಕಾರ್ಖಾನೆ, ಕಚೇರಿಗಳಿಂದ ಹೊರಬಿದ್ದು, ದಾರಿಯಲ್ಲೊಂದು ಬೈಟು ಕಾಫಿ ಕುಡಿದು, ಯಾವುದೋ ಶಾಲೆಯ ಕೊಠಡಿಯಲ್ಲಿ ಬೆಂಚು ಸರಿಸಿ ತಾಲೀಮಿಗೆ ನಿಲ್ಲುವುದು. ಬೆಂಗಳೂರಿನ ಹವ್ಯಾಸಿ ರಂಗಭೂಮಿ ದಶಕಗಟ್ಟಲೆ ನಡೆದದ್ದು ಹೀಗೆ. ಒಂಬತ್ತಾಯಿತೆಂದರೆ ಬಸ್ಸಿನ ಚಿಂತೆ. ‘ಏನ್ ಕೆಲಸ ಮಾಡ್ತೀರಿ?’ ಎಂದು ಯಾರಾದರೂ ಕೇಳಿದರೆ ಆ ಪುಣ್ಯಾತ್ಮರು ಬ್ಯಾಂಕಿನ ಹೆಸರು ಹೇಳುತ್ತಿದ್ದರೇ ಹೊರತು ನಾಟಕ ಎನ್ನುತ್ತಿರಲಿಲ್ಲ.

ಇದಕ್ಕೆ ತದ್ವಿರುದ್ಧವಾಗಿ, 1989ರಲ್ಲಿ ಮೈಸೂರಿನ ಕಲಾಮಂದಿರದ ಆವರಣದಲ್ಲಿ ರಂಗಾಯಣ ಎಂಬ ನಾಟಕ ಸಂಸ್ಥೆ ಶುರುವಾಯಿತು. ನಟನೆಯೇ ಕೆಲಸ, ಅದಕ್ಕೆ ಸರ್ಕಾರದಿಂದ ತಿಂಗಳ ದುಡ್ಡು. ಇಂಥದ್ದು ಮೈಸೂರಿನಲ್ಲಿ ಅದೇ ಮೊದಲು ಎನ್ನೋಣವೆಂದರೆ, ಅಲ್ಲ. ಅದಕ್ಕೆ ನೂರು ವರ್ಷ ಮೊದಲೇ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಅರಮನೆಗೆ ತನ್ನದೇ ನಾಟಕ ಮಂಡಳಿ ಇತ್ತು. ಬಸವಪ್ಪಶಾಸ್ತ್ರಿಗಳು ‘ಶಾಕುಂತಲ’ವನ್ನು ಕನ್ನಡಕ್ಕೆ ತಂದದ್ದು ಆ ದಿನಗಳಲ್ಲೇ. ಆಮೇಲೆ ನಟರನ್ನು ಸಾಕಿದ್ದು ನಾಟಕ ಕಂಪನಿಗಳು. ಅಂಥದೊಂದು ಕಂಪನಿಯ ಮಾಲೀಕರಾದ ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ನಿಜವಾದ ಆನೆಗಳನ್ನೇ ತಂದರು. ಆನೆಗೂ ಮೇವು, ನಟನಿಗೂ ಊಟ, ಎರಡೂ ಟಿಕೆಟ್ಟಿನ ದುಡ್ಡಿನಿಂದಲೇ ಹೊರಡಬೇಕು. ಸಿನಿಮಾ ಬಂದಮೇಲೆ ಆ ಲೆಕ್ಕ ಕೂಡಿಬರಲಿಲ್ಲ.

ಕಂಪನಿ, ಸರ್ಕಾರ ಎಂಬ ಈ ಕಥೆಯ ಎರಡು ತುದಿಗಳನ್ನೂ ಮೈಮೇಲೆ ಹೊತ್ತವರು ನಾಟಕ ನಿರ್ದೇಶಕ ಬಿ.ವಿ. ಕಾರಂತರು. ಬಂಟ್ವಾಳದ ಕಡೆಯ ಮಂಚಿಯ ಹುಡುಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ. ಮುಂದೆ ಅವನನ್ನು ಓದಲು ಬನಾರಸಿಗೆ ಕಳಿಸಿದ್ದೂ ವೀರಣ್ಣನವರೇ. ನಾಟಕದ ಮಾಲೀಕರೊಬ್ಬರು ನಟನಿಗೆ ಎಂ.ಎ. ಮಾಡಿಸುವುದು! ಈ ಒಂದು ಉಪಕಾರದಲ್ಲಿ ನಮ್ಮ ಎಷ್ಟೋ ಸಾಂಸ್ಕೃತಿಕ ನೀತಿಯ ಕಡತಗಳಲ್ಲಿ ಇಲ್ಲದಷ್ಟು ದೂರದೃಷ್ಟಿ ಇತ್ತೆಂದು ನನಗನ್ನಿಸುತ್ತದೆ. ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತರು, ಆಮೇಲೆ ಅದಕ್ಕೇ ನಿರ್ದೇಶಕರಾದರು. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ಆಡಿಸಿ ಬೆಂಗಳೂರನ್ನು ಬೆಚ್ಚಿಬೀಳಿಸಿದ್ದು ಅದೇ ಹವ್ಯಾಸಿಗಳ ಕೈಯಲ್ಲಿ. 1980ರ ದಶಕದಲ್ಲಿ ಭೋಪಾಲದ ಭಾರತ ಭವನದಲ್ಲಿ ರಂಗಮಂಡಲ ಎಂಬ ನಾಟಕ ತಂಡವನ್ನು ಕಟ್ಟಿ ನಡೆಸಿದರು. ಸರ್ಕಾರ ಸಂಬಳ ಕೊಟ್ಟರೆ ನಟ ಬೆಳಿಗ್ಗೆಯಿಂದಲೇ ನಟನಾಗಿರಬಲ್ಲ ಎಂಬುದನ್ನು ಅಲ್ಲಿ ಕಂಡವರು ಮೈಸೂರಿಗೆ ಬಂದು ರಂಗಾಯಣದ ಮೊದಲ ನಿರ್ದೇಶಕರಾದರು.

ಬೆಳಗಿನ ಹೊತ್ತು ಸಿಗುವುದೆಂದರೆ ಸಣ್ಣ ಮಾತಲ್ಲ. ದಣಿದ ಮೈಯಲ್ಲಿ ಮಾತು ಬಾಯಿಪಾಠ ಮಾಡಬಹುದು, ಹೊಸದಾಗಿ ನಡೆಯುವುದನ್ನು ಕಲಿಯಲಾಗದು. ಹೊತ್ತಿದ್ದರೆ ಏನಾಗುತ್ತದೆಂದು 2010ರಲ್ಲಿ ರಂಗಾಯಣದಲ್ಲಿ ಮೈಸೂರಿನವರು ಕಂಡರು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಕೆ.ವೈ. ನಾರಾಯಣಸ್ವಾಮಿ ರಂಗಕ್ಕೆ ಅಳವಡಿಸಿದರು; ಸಿ. ಬಸವಲಿಂಗಯ್ಯ ನಿರ್ದೇಶಿಸಿದರು; ಹಂಸಲೇಖ ಸಂಗೀತ. ಒಂಬತ್ತು ಗಂಟೆಯ ನಾಟಕ, ನಾಲ್ಕು ರಂಗಸ್ಥಳ. ಒಂದು ಕಡೆ ದೃಶ್ಯ ಮುಗಿದರೆ ಜನ ಎದ್ದು ಇನ್ನೊಂದು ಕಡೆಗೆ. ಬೆಳಗಿನವರೆಗೆ ನಿದ್ದೆಗೆಟ್ಟು ಆಟ ನೋಡುವುದು ನಮ್ಮ ಬಯಲಾಟದವರಿಗೆ ಹೊಸತೇನಲ್ಲ. ಆದರೆ ಪಟ್ಟಣದ ಮಂದಿ ಟಿಕೆಟ್ ಕೊಂಡು ಜಾಗರಣೆಗೆ ಬಂದರು. ಯಾವ ಖಾಸಗಿ ಮಾಲೀಕನ ಲೆಕ್ಕದ ಪುಸ್ತಕವೂ ಇಂಥ ನಾಟಕಕ್ಕೆ ಒಪ್ಪುತ್ತಿರಲಿಲ್ಲ.

ಹಾಗಂತ ಎಲ್ಲ ಸರಿಯಿದೆಯೆಂದಲ್ಲ. ಸರ್ಕಾರ ಬದಲಾದರೆ ನಿರ್ದೇಶಕರ ಕುರ್ಚಿಯೂ ಅಲುಗುತ್ತದೆ. ಅರಮನೆಯಲ್ಲಿ ದೊರೆಯ ಮರ್ಜಿ ಇದ್ದ ಜಾಗದಲ್ಲಿ ಇಲ್ಲಿ ಮಂತ್ರಿಯ ಮರ್ಜಿ. ಆದರೂ ಈ ಏರ್ಪಾಟು ಬೆಳೆಯಿತು; ಮುಂದೆ ಧಾರವಾಡ, ಶಿವಮೊಗ್ಗ, ಕಲಬುರಗಿಗಳಿಗೂ ರಂಗಾಯಣ ಬಂತು. ಮೈಸೂರಿನ ಆವರಣದಲ್ಲಿ ಭೂಮಿಗೀತ, ವನರಂಗ ಎಂಬ ರಂಗಸ್ಥಳಗಳಿವೆ, ಬಹುರೂಪಿ ನಾಟಕೋತ್ಸವಕ್ಕೆ ದೂರದೂರದ ತಂಡಗಳು ಬರುತ್ತವೆ, ಬೇಸಿಗೆಯಲ್ಲಿ ಮಕ್ಕಳ ಶಿಬಿರ ಚಿಣ್ಣರ ಮೇಳದ ಗದ್ದಲ.

ಇನ್ನೊಂದು ತೊಡಕು ಯಾರೂ ಮೊದಲೇ ಯೋಚಿಸಿರಲಿಕ್ಕಿಲ್ಲ. 1989ರಲ್ಲಿ ರಂಗಾಯಣಕ್ಕೆ ಬಂದ ಹುಡುಗ ಹುಡುಗಿಯರು ಅಲ್ಲೇ ಮಾಗಿ, ಅಲ್ಲೇ ತಲೆ ನರೆತರು. ಹಾಜರಿ ಪುಸ್ತಕಕ್ಕೆ ಗೊತ್ತಿರುವುದು ಹುಟ್ಟಿದ ತಾರೀಕು ಮಾತ್ರ. ಕಿಂಗ್ ಲಿಯರ್ ಆಗಲು ಬೇಕಾದ ಬಿಳಿಗಡ್ಡ, ಬಳಲಿದ ದನಿ ತಾನಾಗಿಯೇ ಬಂದ ಹೊತ್ತಿಗೆ ನಟನ ಕೈಗೆ ನಿವೃತ್ತಿಯ ಆದೇಶವೂ ಬಂದಿತ್ತು.