ಬ್ಯಾಟು ಹಿಡಿದ ಶಾಂತಾ

ಮೊನ್ನೆ ಮಧ್ಯಾಹ್ನ ಹಪ್ಪಳ ಒಣಹಾಕಿ ಕಾಗೆ ಕಾಯುತ್ತಾ ಕೂತಿದ್ದೆ. ಏಳನೇ ಕ್ಲಾಸಿನ ಮಗಳು ಬಂದು, “ಅಮ್ಮಾ, ನನಗೂ ಒಂದು ಬ್ಯಾಟು ಕೊಡಿಸು” ಅಂದಳು. ನಮ್ಮತ್ತೆ ಒಳಗಿನಿಂದಲೇ, “ಹೆಣ್ಣುಮಕ್ಕಳಿಗೆ ಎಂಥಾ ಬ್ಯಾಟು!” ಅಂದುಬಿಟ್ಟರು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ರಾತ್ರಿ ಊಟವಾದ ಮೇಲೆ ಮಗಳನ್ನು ಕೂರಿಸಿಕೊಂಡು ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿಯವರ ಕಥೆ ಹೇಳಿದೆ. ನೀವೂ ಕೇಳಿ.

ಭಾರತದ ಮಹಿಳಾ ಟೆಸ್ಟ್ ತಂಡದ ಮೊಟ್ಟಮೊದಲ ನಾಯಕಿ ಇವರು. ಹುಟ್ಟಿದ್ದು 1954ರಲ್ಲಿ, ಮದರಾಸಿನಲ್ಲಿ. ಆಡಿ ಬೆಳೆದದ್ದು ಬೆಂಗಳೂರಿನಲ್ಲಿ. ಮನೆ ತುಂಬಾ ಜನ. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳೆಲ್ಲ ಸೇರಿ ಟೆನ್ನಿಸ್ ಚೆಂಡಿನಲ್ಲಿ ಆಡುತ್ತಿದ್ದರು. ಇವರು ಕ್ರಿಕೆಟ್ ಕಲಿತದ್ದೂ ಹಾಗೆಯೇ.

1973ರಲ್ಲಿ ಮಹಿಳೆಯರಿಗೆಂದೇ ಒಂದು ಕ್ರಿಕೆಟ್ ಸಂಘ ಶುರುವಾಯಿತು. ಸಂಘವೇನೋ ಬಂತು, ದುಡ್ಡು ಎಲ್ಲಿಂದ ಬರಬೇಕು ಹೇಳಿ? ರಿಸರ್ವೇಶನ್ ಇಲ್ಲದ ರೈಲು ಡಬ್ಬಿಯಲ್ಲಿ ಪ್ರಯಾಣ, ಹಾಸಿಗೆ ತಾವೇ ಕಟ್ಟಿಕೊಂಡು ಹೋಗಬೇಕು, ಮಲಗುವುದು ನೆಲದ ಮೇಲೆ. ಒಂದು ಮದುವೆಗೆ ಹೋಗಿ ಛತ್ರದಲ್ಲಿ ಮಲಗಿ ಬಂದರೇ ನಮಗೆ ನಾಲ್ಕು ದಿನ ಸೊಂಟನೋವು! ಇವರು ಬೆಳಿಗ್ಗೆ ಎದ್ದು ಬಿಸಿಲಲ್ಲಿ ಆಡಬೇಕಿತ್ತು. ಆಡಿದ್ದಕ್ಕೆ ಸಂಭಾವನೆಯೂ ಇಲ್ಲ.

1976ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಹೆಣ್ಣುಮಕ್ಕಳು ಮೊದಲ ಟೆಸ್ಟಿಗೆ ಇಳಿದಾಗ ಶಾಂತಾಗೆ ಬರೀ 22 ವರ್ಷ. ನವೆಂಬರಿನಲ್ಲಿ ಪಟ್ನಾದಲ್ಲಿ ಐದು ವಿಕೆಟ್‌ಗಳಿಂದ ಗೆದ್ದರು ನೋಡಿ, ಅದೇ ನಮ್ಮವರ ಮೊದಲ ಟೆಸ್ಟ್ ಗೆಲುವು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಶಾಂತಾ 108 ರನ್ ಹೊಡೆದರು. ಟೆಸ್ಟಿನಲ್ಲಿ ಭಾರತದ ಹೆಣ್ಣುಮಗಳೊಬ್ಬಳ ಮೊದಲ ಶತಕ ಅದು. 1976ರ ಸಾಲಿನ ಅರ್ಜುನ ಪ್ರಶಸ್ತಿಯೂ ಬಂತು. ಮಹಿಳಾ ಕ್ರಿಕೆಟ್ಟಿಗೆ ಅದೇ ಮೊದಲನೆಯದು.

ಹೆಸರು ಬಂತು, ಆದರೆ ಹೆಸರಿನಿಂದ ಒಲೆ ಉರಿಯುತ್ತದೆಯೇ? ಜೀವನಕ್ಕೆ ಆಸರೆಯಾದದ್ದು ಕೆನರಾ ಬ್ಯಾಂಕಿನ ನೌಕರಿ. ಅಲ್ಲಿ ಜನರಲ್ ಮ್ಯಾನೇಜರ್ ಆಗುವವರೆಗೂ ಏರಿದರು. ಒಟ್ಟು 16 ಟೆಸ್ಟ್, 19 ಏಕದಿನ ಪಂದ್ಯ ಆಡಿದರು. ಈಗಿನ ಹುಡುಗಿಯರ ಲೆಕ್ಕದಲ್ಲಿ ಏಕದಿನದ ಸಂಖ್ಯೆ ತೀರಾ ಸಣ್ಣದು. ಆಡಿಸುವವರೇ ಕಡಿಮೆ ಇದ್ದಾಗ ಇನ್ನೆಷ್ಟು ಆಡಿಯಾರು?

2006ರಲ್ಲಿ ಮಹಿಳಾ ಕ್ರಿಕೆಟ್ಟನ್ನು ದೊಡ್ಡ ಮಂಡಳಿ ತನ್ನ ತೆಕ್ಕೆಗೆ ತೆಗೆದುಕೊಂಡಿತು. ಆಮೇಲೂ 2017ರಲ್ಲಿ ಮಂಡಳಿ ಶಾಂತಾ ಅವರಿಗೆ ಜೀವಮಾನದ ಸಾಧನೆಯ ಪ್ರಶಸ್ತಿ ಕೊಡುವ ಹೊತ್ತಿಗೆ ಮೊದಲ ಟೆಸ್ಟ್ ಕಳೆದು 40 ವರ್ಷ ದಾಟಿತ್ತು. 2025ರ ನವೆಂಬರ್ 2ರಂದು ನಮ್ಮ ಹುಡುಗಿಯರು ವಿಶ್ವಕಪ್ ಗೆದ್ದಾಗ ಊರೆಲ್ಲ ಪಟಾಕಿ ಹೊಡೆದೆವಲ್ಲ, ಆ ದಿನ ನೆಲದ ಮೇಲೆ ಮಲಗಿದ್ದ ಆ ಹುಡುಗಿಯರನ್ನು ನಮ್ಮಲ್ಲಿ ಎಷ್ಟು ಮಂದಿ ನೆನೆದೆವು?

ಮಗಳು ಕಣ್ಣರಳಿಸಿ ಕೇಳಿದಳು. ಅತ್ತೆ ಮಲಗಿದ್ದಾರೆ ಅಂದುಕೊಂಡಿದ್ದೆ, ಕತ್ತಲಲ್ಲೇ ದನಿ ಬಂತು, “ಬ್ಯಾಂಕಿನಲ್ಲೂ ಕೆಲಸ ಮಾಡ್ತಿದ್ದಳಾ ಆಕೆ?”

“ಹೌದತ್ತೆ” ಅಂದೆ.

ಸಂತೆಯ ದಿನ ಪೇಟೆಗೆ ಹೋದಾಗ ಬ್ಯಾಟಿನ ಬೆಲೆ ವಿಚಾರಿಸಿಕೊಂಡು ಬರುತ್ತೇನೆ.